ಬೆನ್ನ ಮೇಲೊಂದು ಬಿಳಿ ಚುಕ್ಕೆ

ಪತಂಗಗಳ ಸಂಗತಿ ಬಲ್ಲವರು ದೊಡ್ಡ ದೊಡ್ಡ ಪುಸ್ತಕಗಳನ್ನೇ ಬರೆದಿದ್ದಾರೆ. ಚಿಟ್ಟೆಗೂ ಪತಂಗಕ್ಕೂ ಏನು ವ್ಯತ್ಯಾಸ ಎಂಬುದನ್ನೇ ಎರಡು ಸಲ ಕೇಳಿ ತಿಳಿದುಕೊಂಡವರು ಇಂಥ ಕತೆಗೆ ಕೈ ಹಾಕುವುದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಆದರೂ ಹೇಳದೆ ಇರಲಾಗದು. ಏಕೆಂದರೆ ಕೆಸವಿನಗುಂಡಿಯಲ್ಲಿ ಇದನ್ನು ಈಗಾಗಲೇ ನಾಲ್ಕು ರೀತಿಯಲ್ಲಿ ಹೇಳುತ್ತಿದ್ದಾರೆ, ನಾಲ್ಕರಲ್ಲೂ ಲೋಕೇಶನೇ ಕಳ್ಳ.

ಎಲ್ಲದಕ್ಕೂ ಕಾರಣ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಹುಳ.

ಕೊಪ್ಪದಿಂದ ಹೊರಟ ಬಸ್ಸು ಭಂಡಿಗಡಿ ದಾಟಿ ಎರಡು ಏರು ಹತ್ತಿ ಏದುಸಿರು ಬಿಟ್ಟು ನಿಲ್ಲುವ ಊರು ಕೆಸವಿನಗುಂಡಿ. ಲೋಕೇಶ ಅಲ್ಲಿನ ಗ್ರಂಥಾಲಯದ ಮೇಲ್ವಿಚಾರಕ. ಬಾಗಿಲು ಹಾಕಿ ಮನೆಗೆ ಹೊರಟವನು ಅರ್ಧ ದಾರಿಯಿಂದ ವಾಪಸು ಬಂದು ಬೀಗ ಎಳೆದು ನೋಡುವ ಸ್ವಭಾವ. ಊರಿನ ಜೀವವೈವಿಧ್ಯ ದಾಖಲೆ ಪುಸ್ತಕ ತುಂಬಿಸುವ ಕೆಲಸ ಬಂದಾಗ, ಸಮಿತಿಯವರು 'ಕೀಟಗಳು' ಎಂಬಲ್ಲಿ 'ಬಹಳ ಇವೆ' ಎಂದು ಬರೆದು ಕಾಫಿ ಕುಡಿದು ಎದ್ದಿದ್ದರು. ಲೋಕೇಶನಿಗೆ ಮಾತ್ರ ಸಮಾಧಾನವಾಗಲಿಲ್ಲ. ಎಷ್ಟು ಬಹಳ? ಯಾವುವು? ಅವನು ಸಿಕ್ಕಿದ ಹುಳಗಳ ಫೋಟೋ ತೆಗೆಯತೊಡಗಿದ.

ಡಿಸೆಂಬರ್ ಕೊನೆಯ ಮಂಗಳವಾರ ಬೆಳಗ್ಗೆ ಗ್ರಂಥಾಲಯದ ಜಗಲಿಯ ಮರದ ಕಂಬದ ಮೇಲೆ ಅದು ಕೂತಿತ್ತು. ಒಣಗಿದ ಹೊಗೆಸೊಪ್ಪಿನ ಚೂರಿನಂಥ ಕಂದು ಮೈ. ಹೆಂಚಿನ ಮಾಡಿನಂತೆ ಎರಡೂ ಬದಿಗೆ ಇಳಿಬಿಟ್ಟ ರೆಕ್ಕೆ. ಅಂಚಿನಲ್ಲಿ ಕಂಡೂ ಕಾಣದಂಥ ನವಿರು ಕೂದಲು. ಬೆನ್ನಿನ ನಡುಮಧ್ಯೆ, ಎರಡು ರೆಕ್ಕೆ ಕೂಡುವ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ದುಂಡನೆಯ ಬಿಳಿ ಚುಕ್ಕೆ. ಲೋಕೇಶ ಫೋಟೋ ತೆಗೆದು, ಹುಳಗಳನ್ನು ಗುರುತಿಸಿ ಹೇಳುವ ಒಂದು ವೆಬ್‌ಸೈಟಿಗೆ ಹಾಕಿದ. ಮಧ್ಯಾಹ್ನದೊಳಗೆ ಶಿವಮೊಗ್ಗದ ಕಡೆಯ ಕೀಟತಜ್ಞೆ ಡಾ. ಚೈತ್ರ ಅವರಿಂದ ಉತ್ತರ ಬಂತು.

'ಕುಲ ಸುಮಾರಾಗಿ ಗೊತ್ತಾಗುತ್ತಿದೆ. ಆದರೆ ಬೆನ್ನ ಮೇಲಿನ ಇಂಥ ಬಿಳಿ ಚುಕ್ಕೆ ನಾನು ನೋಡಿದ ಯಾವ ಪುಸ್ತಕದಲ್ಲೂ ಇಲ್ಲ. ಹೊಸ ಪ್ರಭೇದವೇ ಇರಬಹುದು. ಜೀವಂತ ಹಿಡಿದಿಡಿ, ಶನಿವಾರ ಬರುತ್ತೇನೆ. ಹೊಸದೇ ಆದರೆ ಹೆಸರನ್ನು ನೀವೇ ಸೂಚಿಸಬಹುದು.'

ಲೋಕೇಶ ಅದನ್ನು ಏಳು ಸಲ ಓದಿದ. ಆಮೇಲೆ ಕಂಬದ ಹತ್ತಿರ ಓಡಿದ. ಪುಣ್ಯಕ್ಕೆ ಹುಳ ಅಲ್ಲೇ ಇತ್ತು. ತೊಳೆದ ಉಪ್ಪಿನಕಾಯಿ ಬಾಟಲಿಗೆ ಅದನ್ನು ಇಳಿಸಿ, ಬಾಯಿಗೆ ತೆಳು ಬಟ್ಟೆ ಹಾಕಿ ರಬ್ಬರ್‌ಬ್ಯಾಂಡ್ ಬಿಗಿದ.

ದಿನವೂ ಜಗಲಿಯಲ್ಲಿ ಪೇಪರ್ ಓದಲು ಬರುವ ವೆಂಕಟಯ್ಯನವರಿಗೆ ಮೊದಲು ಸುದ್ದಿ ತಿಳಿಯಿತು. ಅವರು ಹಿಂದೆ ಅಡಿಕೆ ಮರ ಹತ್ತಿ ಗೊನೆ ಇಳಿಸುತ್ತಿದ್ದವರು. ಈಗ ಮೊಣಕಾಲು ಸೋತು ಜಗಲಿ ಹಿಡಿದಿದ್ದರು.

"ಹುಳಕ್ಕೂ ಕುಲ ನೋಡ್ತಾರನಾ ಮಾರಾಯ?" ಎಂದರು, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿ. "ಅದಾದ್ರೂ ಅದರಿಂದ ಪಾರಾಗಿದೆ ಅಂದ್ಕೊಂಡಿದ್ದೆ."

ಮನೆಗೆ ಹೋಗಿ ಲೋಕೇಶ ಹೆಂಡತಿಗೆ ಹೇಳಿದ. "ಕುಸುಮಾ, ನಿನ್ನ ಹೆಸರು ಇಡಾದು ಅಂತ ಮಾಡಿದೀನಿ."

"ಹುಳಕ್ಕಾ?" ಕುಸುಮಾಗೆ ಗರಬಡಿದಂತಾಯಿತು. "ನಾ ನಿಮಗೆ ಎಂತ ಮಾಡಿದೆ?"

ಆದರೆ ಮರುದಿನ, ಪಂಚಾಯಿತಿ ಅಧ್ಯಕ್ಷೆಯ ಗಂಡ ರೇಣುಕಪ್ಪ ಅದಕ್ಕೆ ತನ್ನ ಹೆಂಡತಿ ಜ್ಯೋತ್ಸ್ನಾಳ ಹೆಸರಿಡಿಸಲು ಓಡಾಡುತ್ತಿದ್ದಾನೆಂಬ ಸುದ್ದಿ ನಲ್ಲಿಯ ಹತ್ತಿರ ಕುಸುಮಾಳ ಕಿವಿಗೆ ಬಿತ್ತು. ಕೊಡ ಅಲ್ಲೇ ಬಿಟ್ಟು ಬಂದಳು.

"ಕೇಳಿ ಇಲ್ಲಿ. ಈ ಮನೇಲಿ ಲೋಟದಿಂದ ಹಿಡಿದು ಕಡಾಯಿವರೆಗೆ ಎಲ್ಲದರ ಮೇಲೂ 'ಯಮುನಮ್ಮ' ಅಂತ ನಿಮ್ಮ ಅಮ್ಮನ ಹೆಸರು ಕೆತ್ತಿದೆ. ಮಜ್ಜಿಗೆ ಸೌಟಿನ ಮೇಲೆ ನಿಮ್ಮ ಅಜ್ಜಿ ಹೆಸರು. ಸ್ಕೂಟರ್ ಮೇಲೆ ನಿಮ್ಮ ಅಣ್ಣನ ಮಗಳ ಹೆಸರು. ಮದುವೆಯಾಗಿ ಹನ್ನೆರಡು ವರ್ಷ ಆಯ್ತು, ನನ್ನ ಹೆಸರಿನ ಒಂದು ಚಮಚ ಇಲ್ಲ. ಹುಳಕ್ಕೆ ಇಟ್ರೆ ನನ್ನ ಹೆಸರೇ ಇಡಬೇಕು. ಇಲ್ಲದಿದ್ರೆ ನಾನು ಮುತ್ತಿನಕೊಪ್ಪಕ್ಕೆ ಹೋಗಿ ಅಕ್ಕನ ಮನೇಲಿ ಕೂರ್ತೀನಿ. ನೀವು ನಿಮ್ಮಮ್ಮನ ಪಾತ್ರೇಲಿ ಬೇಯಿಸ್ಕೊಂಡು ತಿನ್ನಿ."

ಲೋಕೇಶ ಮಾತು ಕೊಟ್ಟ. ಕುಸುಮಾ ಕೂಡಲೇ ಮುತ್ತಿನಕೊಪ್ಪದ ಅಕ್ಕ ರೇಖಾಗೆ ಫೋನ್ ಮಾಡಿ ಶನಿವಾರ ಬಂದು ಹೋಗಲು ಹೇಳಿದಳು.

ಶನಿವಾರ ಬಂತು.

ಲೋಕೇಶ ಎಂಟು ಗಂಟೆಗೇ ಬಂದು ಬಾಗಿಲು ತೆರೆದ. ಕಸ ಗುಡಿಸುವ ಶೇಷಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದ: "ಶೇಷಮ್ಮ, ದೊಡ್ಡೋರು ಬರ್ತಾರೆ. ಟ್ಯೂಬ್‌ಲೈಟ್ ಪಟ್ಟಿ ಮೇಲೆ, ಕಿಟಕಿ ಸಂದಿಯಲ್ಲಿ ಎಂತ ಕಸನೂ ಇರಬಾರದು. ಎಲ್ಲ ಬಳಿದು ತೆಗೀಬೇಕು."

"ಆತು ಮಗಾ," ಎಂದು ಶೇಷಮ್ಮ ಪೊರಕೆ ಹಿಡಿದಳು.

ಒಂಬತ್ತಕ್ಕೆ ರೇಣುಕಪ್ಪ ಬಂದ. ಅವನ ಹಿಂದೆ ಇಬ್ಬರು ಕೊಪ್ಪದಲ್ಲಿ ಪ್ರಿಂಟ್ ಹಾಕಿಸಿದ ಬ್ಯಾನರ್ ಹೊತ್ತು ತಂದರು. 'ಕೆಸವಿನಗುಂಡಿಯ ಹೆಮ್ಮೆ' ಎಂದು ದಪ್ಪಕ್ಷರ. ಅದರಡಿ ಅಧ್ಯಕ್ಷೆ ಜ್ಯೋತ್ಸ್ನಾ ಅವರ ಕೈಮುಗಿದ ಚಿತ್ರ, ಅವರಿಗಿಂತ ದೊಡ್ಡದಾಗಿ ರೇಣುಕಪ್ಪನ ಚಿತ್ರ. ಮೂಲೆಯಲ್ಲಿ ಪತಂಗ. ಲೋಕೇಶ ತನ್ನ ಚಿತ್ರಕ್ಕಾಗಿ ಹುಡುಕಿದ. ಇರಲಿಲ್ಲ.

"ಬಿಳಿ ಚುಕ್ಕೆ ಅಂದ್ರೆ ಬೆಳದಿಂಗಳು. ಬೆಳದಿಂಗಳು ಅಂದ್ರೆ ಜ್ಯೋತ್ಸ್ನಾ. ಹೆಸರು ಹುಟ್ಟುವಾಗಲೇ ಬರಕೊಂಡು ಬಂದಿದೆ ಕಣಾ ಅದು," ಎಂದ ರೇಣುಕಪ್ಪ. "ಎಲ್ಲಿ, ಬಾಟ್ಲಿ ಕೊಡು. ಒಂದು ಫೋಟೋ."

"ಬಟ್ಟೆ ಬಿಚ್ಚಬೇಡಿ ಅಣ್ಣ..."

"ಬಟ್ಟೆ ಇದ್ರೆ ಹುಳ ಕಾಣಲ್ಲ. ಉಪ್ಪಿನಕಾಯಿ ಕಂಪನಿಯವರು ಅಂದ್ಕೊತಾರೆ ಜನ."

ರಬ್ಬರ್‌ಬ್ಯಾಂಡ್ ಟಪ್ಪೆಂದಿತು. ರೇಣುಕಪ್ಪ ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡು ಫೋನಿಗೆ ಹಲ್ಲು ಕಿರಿದ. ಪತಂಗ ಬಾಟಲಿಯ ಬಾಯಿಯವರೆಗೆ ತೆವಳಿ, ಒಂದು ಗಳಿಗೆ ಯೋಚಿಸಿ, ಮಂಕಾಗಿ ಹಾರಿ, ಗೋಡೆಯ ಮೇಲೆ 'ನಿಶ್ಶಬ್ದವಾಗಿರಿ' ಎಂಬ ಬೋರ್ಡಿನ ಪಕ್ಕ ಕೂತಿತು.

ಲೋಕೇಶ ಉಸಿರು ಬಿಗಿಹಿಡಿದು, ತುದಿಗಾಲಲ್ಲಿ, ಎರಡೂ ಕೈ ಬಟ್ಟಲು ಮಾಡಿಕೊಂಡು ಹೋದ. ಇನ್ನೊಂದು ಗೇಣು ಇತ್ತು.

ಬೋರ್ಡಿನ ಹಿಂದಿನಿಂದ ಒಂದು ಹಲ್ಲಿ ಹೊರಬಂದು, ಲಬಕ್ಕನೆ ವಿಜ್ಞಾನವನ್ನು ನುಂಗಿತು.

ಗ್ರಂಥಾಲಯದಲ್ಲಿ ಅಂಥ ನಿಶ್ಶಬ್ದ ಅದು ಕಟ್ಟಿದ ದಿನದಿಂದ ಆಗಿರಲಿಲ್ಲ. ಲೋಕೇಶನ ಕೈ ಬಟ್ಟಲಾಗಿಯೇ ಗಾಳಿಯಲ್ಲಿ ನಿಂತಿತ್ತು. ಹಲ್ಲಿ ಬಾಯಿ ಚಪ್ಪರಿಸಿಕೊಂಡು ಲೊಚ್ ಲೊಚ್ ಎಂದಿತು. ಶೇಷಮ್ಮ ಅಭ್ಯಾಸಬಲದಿಂದ ನೆಲಕ್ಕೆ ಮೂರು ಸಲ ಬೆರಳು ಬಡಿದು "ಸತ್ಯ, ಸತ್ಯ" ಎಂದಳು.

"ಹಲ್ಲಿ ತಿಂದಿದ್ದು ಮಾರಾಯ, ನಾನಲ್ಲ," ಎಂದ ರೇಣುಕಪ್ಪ ಮೊದಲು. ಆಮೇಲೆ ಸ್ವರ ತಗ್ಗಿಸಿ, "ಬ್ಯಾನರ್ ಕಟ್ಟಿ ಆಗಿದೆ. ಮೇಡಂಗೆ ಅಂತ ಶೃಂಗೇರಿಯಿಂದ ಶಾಲು ತರಿಸಿದೀನಿ. ನೀನು ಇನ್ನೊಂದು ಹಿಡಿ."

ಲೋಕೇಶ ಡಾ. ಚೈತ್ರ ಅವರಿಗೆ ಫೋನ್ ಮಾಡಿದ. ಅವರು ವ್ಯಾಪ್ತಿ ಪ್ರದೇಶದ ಹೊರಗಿದ್ದರು. ಅಂದರೆ ಬಸ್ಸು ತೀರ್ಥಹಳ್ಳಿ ದಾಟಿ ಕಾಡಿಗೆ ಬಿದ್ದಾಗಿತ್ತು. ಮತ್ತೆ ಮಾಡಿದ, ಮತ್ತೆ ಹೊರಗೆ.

"ಅದು ಚೊಗರಿನ ಹಂಡೆ ಹತ್ರ ಕೂರೋ ಹುಳದ ಹಂಗೇ ಇತ್ತಲ್ಲ," ಎಂದರು ವೆಂಕಟಯ್ಯ ನಿಧಾನವಾಗಿ. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸವೇ ಚೊಗರು. "ಗಣಪತಿ ಭಟ್ರ ಮನೇಲಿ ಬೇಯ್ಸಾದು ನಿನ್ನೆ ತಾನೆ ಮುಗೀತು. ನೋಡಾದು ಬಾ."

ಸೋತ ಮೊಣಕಾಲಿನ ವೆಂಕಟಯ್ಯ ಮುಂದೆ, ಸೋತ ಮನಸ್ಸಿನ ಲೋಕೇಶ ಹಿಂದೆ. ಗಣಪತಿ ಭಟ್ಟರ ಅಂಗಳದ ಮೂಲೆಯಲ್ಲಿ ಒಲೆ ಆರಿತ್ತು. ಆಳುಗಳು ತಾಮ್ರದ ಹಂಡೆ ತೊಳೆದು ಅಟ್ಟಕ್ಕೆ ಏರಿಸಲು ಹಗ್ಗ ಕಟ್ಟುತ್ತಿದ್ದರು.

"ತಡೀರಿ!" ಎಂದು ಲೋಕೇಶ ಕೂಗಿದ ರಭಸಕ್ಕೆ ಹಗ್ಗ ಹಿಡಿದವನು ಹಂಡೆಯನ್ನು ಕಾಲ ಮೇಲೆ ಹಾಕಿಕೊಂಡ.

ಲೋಕೇಶ ತಲೆಯನ್ನು ಹಂಡೆಯೊಳಗೆ ತೂರಿಸಿದ. ಕಂಠದ ಒಳಬದಿಯಲ್ಲಿ, ಪೊರಕೆ ಮುಟ್ಟದ ಒಂದೇ ಮೂಲೆಯಲ್ಲಿ, ಒಂದೇ ಒಂದು ಹುಳ. ಅದೇ ಕಂದು ಮೈ, ಅದೇ ಹೆಂಚಿನ ಮಾಡಿನ ರೆಕ್ಕೆ, ಅದೇ ನವಿರು ಕೂದಲು. ಎಲ್ಲ ಅದೇ.

"ಚುಕ್ಕೆ ಇಲ್ಲ," ಎಂದ ಹಂಡೆಯೊಳಗಿಂದ. ಅವನ ದನಿ ದೇವಸ್ಥಾನದ ಗಂಟೆಯಂತೆ ಮೊಳಗಿತು.

"ಎಂತದು ಇಲ್ಲ?" ಗಣಪತಿ ಭಟ್ಟರು ಗಾಬರಿಯಿಂದ ಹೊರಗೆ ಬಂದರು. "ಹಂಡೆ ತೂತಾಯ್ತನಾ?"

ಅವರಿಗೆ ವಿವರಿಸುವಷ್ಟು ಹೊತ್ತು ಇರಲಿಲ್ಲ. ಹುಳವನ್ನು ಬಾಟಲಿಗೆ ಹಾಕಿಕೊಂಡು ಇಬ್ಬರೂ ಗ್ರಂಥಾಲಯದ ಹಿಂಬದಿಗೆ ಬಂದರು. ಹನ್ನೊಂದೂಕಾಲು. ಹನ್ನೆರಡಕ್ಕೆ ಬಸ್ಸು.

"ಬೇರೆ ಜಾತಿನೇ ಇರಬೇಕು," ಎಂದ ಲೋಕೇಶ. ಅವನ ಹಣೆಯಲ್ಲಿ ತಾಮ್ರದ ಕಿಲುಬಿನ ಗೆರೆ ಮೂಡಿತ್ತು. "ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ."

ಅಷ್ಟರಲ್ಲಿ ಗೋಡೆಯ ಆಚೆ ಕುಸುಮಾಳ ದನಿ ಕೇಳಿಸಿತು. ಮುತ್ತಿನಕೊಪ್ಪದಿಂದ ನರಸಿಂಹರಾಜಪುರದ ಬಸ್ಸಿನಲ್ಲಿ ಬಂದಿಳಿದ ರೇಖಾಳಿಗೆ ಅವಳು ಹೇಳುತ್ತಿದ್ದಳು: "ಇನ್ನು ಪ್ರಪಂಚ ಇರೋವರೆಗೂ ಅದಕ್ಕೆ ನನ್ನ ಹೆಸರೇ ಅಂತೆ ಅಕ್ಕ. ಅಮೆರಿಕದ ಪುಸ್ತಕದಲ್ಲೂ ಕುಸುಮಾ ಅಂತಲೇ ಬರೀತಾರಂತೆ. ಇವರು ಮಾತು ಕೊಟ್ಟಿದಾರೆ."

"ನಿನ್ನ ಗಂಡ ಮಾತು ಕೊಟ್ಟು ಉಳಿಸಿಕೊಂಡಿದ್ದು ನಾ ನೋಡಿಲ್ಲಪ್ಪ," ಎಂದಳು ರೇಖಾ. "ನೋಡಾದು, ಇದೊಂದನ್ನಾದ್ರೂ."

ಲೋಕೇಶನ ಮುಖ ಬೆಂದ ಅಡಿಕೆಯ ಬಣ್ಣಕ್ಕೆ ತಿರುಗಿತು. ವೆಂಕಟಯ್ಯ ಅವನನ್ನು ನೋಡಿದರು, ಹುಳವನ್ನು ನೋಡಿದರು. ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು.

"ಅಯ್ಯಯ್ಯೋ, ಬೇಡ ವೆಂಕಟಯ್ಯಣ್ಣ. ಇದು ಮೋಸ."

"ಮದುಮಗಳಿಗೆ ಬೊಟ್ಟು ಇಡಾದು ಮೋಸನಾ ಮಾರಾಯ? ಇದ್ದ ಚುಕ್ಕೇನೇ ತಾನೆ ವಾಪಸ್ ಕೊಡೋದು? ನನ್ನ ಕೈ ನಡುಗ್ತದೆ. ಇಲ್ದಿದ್ರೆ ನಾನೇ ಇಡ್ತಿದ್ದೆ."

ಲೋಕೇಶ ಪೊರಕೆಯಿಂದ ಒಂದು ಕಡ್ಡಿ ಕಿತ್ತ. ಸುಣ್ಣದಲ್ಲಿ ಅದ್ದಿದ. ಕಣ್ಣು ಮುಚ್ಚಿ ದೇವರನ್ನು ನೆನೆದ. ಕಣ್ಣು ಮುಚ್ಚಿದರೆ ಹುಳ ಕಾಣುವುದಿಲ್ಲವೆಂದು ಹೊಳೆದು ಮತ್ತೆ ತೆರೆದ. ಎರಡು ರೆಕ್ಕೆ ಕೂಡುವ ಜಾಗಕ್ಕೆ ಕಡ್ಡಿ ಮುಟ್ಟಿಸಿದ. ಸಾಸಿವೆ ಕಾಳಿನಷ್ಟು ದುಂಡನೆಯ ಬಿಳಿ ಚುಕ್ಕೆ ಮೂಡಿತು. ಎಷ್ಟು ಚೆನ್ನಾಗಿ ಮೂಡಿತೆಂದರೆ ಅವನಿಗೇ ಭಯವಾಯಿತು.

"ಹೆತ್ತ ತಾಯಿಗೂ ಗುರುತು ಸಿಗಲ್ಲ," ಎಂದರು ವೆಂಕಟಯ್ಯ.

ಹನ್ನೆರಡಕ್ಕೆ ಸರಿಯಾಗಿ ಬಸ್ಸು ಬಂತು. ಡಾ. ಚೈತ್ರ ಮೂವತ್ತೈದರ ಆಸುಪಾಸಿನ ಸಣಕಲು ಹೆಂಗಸು. ಬೆನ್ನಿಗೆ ಅವರಿಗಿಂತ ದಪ್ಪದ ಬ್ಯಾಗು. ಇಳಿದ ಕೂಡಲೇ "ಎಲ್ಲಿದೆ?" ಎಂದರು. ರೇಣುಕಪ್ಪ ಅವರಿಗೆ ಶಾಲು ಹೊದೆಸಿ, ಪೇಟ ಇಟ್ಟು, ಮಾಲೆ ಹಾಕಿ ಮೂರು ಫೋಟೋ ತೆಗೆಸಿಕೊಂಡ. ಪೇಟ ಅವರ ಕಿವಿಯವರೆಗೆ ಇಳಿಯಿತು. ಅದನ್ನು ಸರಿಸುವ ಗೋಜಿಗೂ ಹೋಗದೆ ಅವರು ಜಗಲಿಯ ಮೇಜಿನ ಮುಂದೆ ಕೂತು, ಬಾಟಲಿಯ ಹುಳವನ್ನು ಗಾಜಿನ ಪುಟ್ಟ ಡಬ್ಬಿಗೆ ಇಳಿಸಿ, ಕಣ್ಣಿಗೆ ಭೂತಗನ್ನಡಿ ಹಿಡಿದರು.

ಊರೇ ಜಗಲಿಗೆ ಬಂದಿತ್ತು. ಕುಸುಮಾ ರೇಷ್ಮೆ ಸೀರೆ ಉಟ್ಟಿದ್ದಳು.

ಡಾ. ಚೈತ್ರ ನೋಡಿದರು. ಕನ್ನಡಿ ಒರೆಸಿ ಮತ್ತೆ ನೋಡಿದರು. ನಿಧಾನವಾಗಿ ತಲೆಯೆತ್ತಿದರು.

"ಇದು ಸುಣ್ಣ ಅಲ್ವಾ?"

ಜಗಲಿಯಲ್ಲಿ ಯಾರೋ ಬಿಕ್ಕಿದರು. ಅದು ತಾನೇ ಎಂದು ಲೋಕೇಶನಿಗೆ ಆಮೇಲೆ ತಿಳಿಯಿತು.

ಅವನಿಂದ ತಡೆಯಲಾಗಲಿಲ್ಲ. ಬೀಗ ಎರಡು ಸಲ ಎಳೆದು ನೋಡುವ ಮನುಷ್ಯ ಎಷ್ಟು ಹೊತ್ತು ಸುಳ್ಳು ಹೊತ್ತು ನಿಂತಾನು? ಬಾಟಲಿ, ರಬ್ಬರ್‌ಬ್ಯಾಂಡ್, ಹಲ್ಲಿ, ಹಂಡೆ, ಕಡ್ಡಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಸುಣ್ಣದ ಡಬ್ಬಿ ಯಾರದೆಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ಹಲ್ಲಿಯ ಪ್ರಸ್ತಾಪ ಬಂದಾಗ ರೇಣುಕಪ್ಪ ಬ್ಯಾನರಿನ ಹಿಂದಕ್ಕೆ ಸರಿದ.

"ಸುಣ್ಣ ಬಳಿದ್ರಾ?" ಎಂದಳು ಕುಸುಮಾ. ಅವಳ ದನಿ ಬಾವಿಯ ತಳದಿಂದ ಬಂದಂತಿತ್ತು. "ನನ್ನ ಹೆಸರಿಡೋ ಹುಳಕ್ಕೆ ಸುಣ್ಣ ಬಳಿದ್ರಾ?"

"ನಾನು ಎರಡು ದಿನ ರಜೆ ಹಾಕಿ ಬಂದಿದೀನಿ!" ಡಾ. ಚೈತ್ರ ಎದ್ದು ನಿಂತರು. ಪೇಟ ಕಣ್ಣಿನ ಮೇಲೆ ಇಳಿಯಿತು, ಕಿತ್ತು ಮೇಜಿನ ಮೇಲಿಟ್ಟರು. "ಸಹಜವಾದ ಚುಕ್ಕೆ ಹೇಗಿರ್ತದೆ, ನೀವು ಬಳಿದಿದ್ದು ಹೇಗಿದೆ ಅಂತ ನಿಮಗೇ ತೋರಿಸ್ತೀನಿ. ನೋಡಿ ಇಲ್ಲಿ. ಮೊದಲು ಕಳಿಸಿದ್ರಲ್ಲ, ಆ ಫೋಟೋ."

ಲ್ಯಾಪ್‌ಟಾಪ್ ತೆರೆದು, ಹಲ್ಲಿಯ ಹೊಟ್ಟೆ ಸೇರಿದ ಪತಂಗವನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಚುಕ್ಕೆ ಪರದೆಯ ತುಂಬ ಹರಡಿತು. ಅದರ ನಡುವೆ, ಬೇಸಗೆಯ ಕೆರೆಯಂಗಳದಂತೆ, ಸಣ್ಣ ಸಣ್ಣ ಬಿರುಕುಗಳು. ಫೋಟೋದ ಮೂಲೆಯಲ್ಲಿ, ಹುಳವೇ ಇಲ್ಲದ ಬರೀ ಮರದ ಮೇಲೆ, ಅಂಥದೇ ಇನ್ನೊಂದು ಬಿಳಿ ಚುಕ್ಕೆ.

ಡಾ. ಚೈತ್ರ ಅವರ ಬಾಯಿ ಅರ್ಧ ತೆರೆದು ಹಾಗೆಯೇ ನಿಂತಿತು.

"ಈ ಫೋಟೋ ಎಲ್ಲಿ ತೆಗೆದಿದ್ದು?"

"ಇದೇ ಕಂಬದ ಮೇಲೆ ಮೇಡಂ."

ಎಲ್ಲರೂ ಕಂಬದ ಕಡೆ ತಿರುಗಿದರು. ಆ ಹೊತ್ತಿಗೆ ಸರಿಯಾಗಿ, ನಡೆದದ್ದನ್ನು ಕಂಡು ಕಂಗಾಲಾದ ವೆಂಕಟಯ್ಯ ಸಮಾಧಾನಕ್ಕೆಂದು ಒಂದು ಎಲೆಗೆ ಸುಣ್ಣ ಸವರಿ ಮುಗಿಸಿದ್ದರು. ಮೂವತ್ತು ವರ್ಷದ ಅಭ್ಯಾಸ. ಕೈ ತಾನಾಗಿ ಎದ್ದಿತು. ಬೆರಳ ತುದಿಯಲ್ಲಿ ಉಳಿದ ಸುಣ್ಣವನ್ನು ಹೆಬ್ಬೆರಳಿಂದ ಟಪ್ಪೆಂದು ಕಂಬಕ್ಕೆ ಚಿಮ್ಮಿಸಿತು.

ಇಡೀ ಊರಿನ ಕಣ್ಣೆದುರು ಕಂಬದ ಮೇಲೆ ಒಂದು ಹೊಸ ಚುಕ್ಕೆ ಮೂಡಿತು. ದುಂಡಗೆ, ಸಾಸಿವೆ ಕಾಳಿನಷ್ಟು. ಅದರ ಅಕ್ಕಪಕ್ಕ ಮೇಲೆ ಕೆಳಗೆ, ನಕ್ಷತ್ರ ತುಂಬಿದ ಆಕಾಶದಂತೆ, ಅಂಥವೇ ನೂರಾರು. ಜಗಲಿಯಲ್ಲಿ ಪೇಪರ್ ಓದಿದವರೆಲ್ಲ ಅಷ್ಟು ವರ್ಷ ಬೆರಳು ಒರೆಸಿದ, ಚಿಮ್ಮಿದ ಗುರುತುಗಳು. ಎಲ್ಲರೂ ದಿನವೂ ಕಂಡಿದ್ದರು. ಯಾರೂ ನೋಡಿರಲಿಲ್ಲ.

ಡಾ. ಚೈತ್ರ ಕುರ್ಚಿಗೆ ಕುಸಿದರು. "ನಾನು ಇದನ್ನ ನಮ್ಮ ಮೇಷ್ಟ್ರಿಗೂ ಕಳಿಸಿದೀನಿ," ಎಂದರು ಯಾರಿಗೂ ಅಲ್ಲದಂತೆ. "ಅವರು ಅಭಿನಂದನೆ ಅಂತ ಬರೆದಿದಾರೆ."

ರೇಣುಕಪ್ಪ ಬ್ಯಾನರಿನ ಹಿಂದಿನಿಂದ ಹೊರಬಂದ. ಅವನಿಗೆ ದಾರಿ ಕಂಡಿತ್ತು. "ಗೊತ್ತಾಯ್ತು ಬಿಡ್ರಿ! ಮೊದಲ್ನೇದಕ್ಕೂ ಇವನೇ ಬಳಿದಿದ್ದು. ಕೈ ಪಳಗಿದೆ ನೋಡಿ, ಎರಡೂ ಒಂದೇ ಅಳತೆ!"

"ಇಲ್ಲ ಅಣ್ಣ, ದೇವರಾಣೆ! ಮೊದಲ್ನೇದಕ್ಕೆ ನಾನು ಬಳಿದಿಲ್ಲ," ಎಂದ ಲೋಕೇಶ. ಅವನ ತಲೆಯ ಮೇಲೆ, ಮಾಡಿನ ಸಂದಿಯಿಂದ, ಹಲ್ಲಿ ಸ್ಪಷ್ಟವಾಗಿ ಲೊಚ್ ಲೊಚ್ ಎಂದಿತು.

"ಕೇಳಿ, ಹಲ್ಲಿನೂ ಸತ್ಯ ಅಂತು!" ಲೋಕೇಶ ಆಸೆಯಿಂದ ಸುತ್ತ ನೋಡಿದ.

"ಅದು ಹುಳ ತಿಂದವನ ಸಾಕ್ಷಿ ಮಾರಾಯ," ಎಂದರು ಗಣಪತಿ ಭಟ್ಟರು. ಆಳಿನ ಕಾಲ ಮೇಲೆ ಹಂಡೆ ಬಿದ್ದ ವಿಚಾರ ಮಾತಾಡಲು ಬಂದವರು ಅಲ್ಲೇ ನಿಂತಿದ್ದರು. "ನಡೆಯಲ್ಲ."

ಲೋಕೇಶ ವೆಂಕಟಯ್ಯನವರ ಕಡೆ ನೋಡಿದ. ವೆಂಕಟಯ್ಯ ಬಾಯಿ ತುಂಬ ಎಲೆಅಡಿಕೆ ಇರುವವರು ಮಾತಾಡಲಾಗದೆಂದು ಕೈಸನ್ನೆ ಮಾಡಿ ಅಂಗಳಕ್ಕೆ ಇಳಿದರು.

ಡಾ. ಚೈತ್ರ ಬ್ಯಾಗು ಕಟ್ಟತೊಡಗಿದ್ದರು. ಎರಡು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಂದದ್ದಕ್ಕೆ ಇದು ಯಾವ ಮಾಮೂಲಿ ಹುಳವೆಂದಾದರೂ ಬರೆದುಕೊಂಡು ಹೋಗೋಣವೆಂದು ಹುಳವನ್ನು ಮತ್ತೆ ಮುಂದಿಟ್ಟುಕೊಂಡರು. ಅಷ್ಟರಲ್ಲಿ ಅದು ಸತ್ತಿತ್ತು. ಕೂದಲೆಳೆಯಂಥ ಕುಂಚವನ್ನು ನೀರಿನಲ್ಲಿ ಅದ್ದಿ ಸುಣ್ಣವನ್ನು ಮೆಲ್ಲಗೆ ಬಿಡಿಸಿದರು. ಕಣ್ಣಿಗೆ ಕನ್ನಡಿ ಹಿಡಿದರು.

ಐದು ನಿಮಿಷವಾಯಿತು. ಹತ್ತಾಯಿತು. ಬ್ಯಾಗಿನಿಂದ ದಪ್ಪ ಪುಸ್ತಕ ಹೊರಬಂತು. ಆಮೇಲೆ ಇನ್ನೊಂದು.

"ಲೋಕೇಶ್ ಅವರೇ, ಇದನ್ನ ಎಲ್ಲಿ ಹಿಡಿದಿದ್ದು?"

"ಚೊಗರಿನ ಹಂಡೇಲಿ ಮೇಡಂ. ತಪ್ಪಾಯ್ತು ಮೇಡಂ."

"ಇದರ ಮೀಸೆ ನೋಡಿ. ಹಿಂಗಾಲಿನ ಈ ಕೂದಲಿನ ಕುಚ್ಚು ನೋಡಿ. ಫೋಟೋದಲ್ಲಿ ಇದ್ಯಾವುದೂ ಕಂಡಿರಲಿಲ್ಲ. ನಾನು ಅಂದ್ಕೊಂಡ ಕುಲವೇ ಅಲ್ಲ ಇದು. ನನಗೆ ಗೊತ್ತಿರೋ ಯಾವುದಕ್ಕೂ ಹೊಂದ್ತಾ ಇಲ್ಲ." ಅವರು ತಲೆಯೆತ್ತಿದಾಗ ಕಣ್ಣು ಹೊಳೆಯುತ್ತಿತ್ತು. "ಚುಕ್ಕೆ ಇಲ್ಲದ ಈ ಮಾಮೂಲಿ ಹುಳವೇ ಹೊಸದು ಇರಬಹುದು!"

ಜಗಲಿ ದಂಗಾಯಿತು. ಲೋಕೇಶನಿಗೆ ನೆಲ ಕಾಲಿನಡಿ ವಾಪಸು ಬಂದಂತಾಯಿತು. ಕುಸುಮಾ ಸೆರಗು ಸರಿಪಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ರೇಣುಕಪ್ಪ ಬ್ಯಾನರನ್ನು ಮತ್ತೆ ಬಿಗಿದ.

"ಆದರೆ," ಎಂದರು ಡಾ. ಚೈತ್ರ. ಅವರ ದನಿ ಆರಿತು. "ಪ್ರಭೇದ ಹೇಳಬೇಕಂದ್ರೆ ರೆಕ್ಕೆಯ ನಡುವೆ, ಬೆನ್ನ ಹತ್ತಿರದ ಹುಡಿಯಂಥ ಪೊರೆ ಹೇಗಿದೆ ಅಂತ ನೋಡಬೇಕು. ಅದೇ ಜಾಗ. ಸುಣ್ಣದ ಜೊತೆ ಪೂರ್ತಿ ಎದ್ದು ಬಂದಿದೆ. ನೀವು ಇನ್ನೆಲ್ಲಿಗೇ ಬಳಿದಿದ್ರೂ ಆಗ್ತಿತ್ತು ಲೋಕೇಶ್. ಇನ್ನೆಲ್ಲಿಗೇ!"

"ಇನ್ನೊಂದು ಹಿಡಿದ್ರಾಯ್ತು ಮೇಡಂ!" ಎಂದ ಲೋಕೇಶ.

ಎಲ್ಲರೂ ಗಣಪತಿ ಭಟ್ಟರ ಮನೆಗೆ ಓಡಿದರು. ಹಂಡೆ ಅಟ್ಟ ಸೇರಿತ್ತು. ಒಲೆಯ ಸುತ್ತ ಸಗಣಿ ನೀರು ಹಾಕಿ ಸಾರಿಸಿ ಆಗಿತ್ತು. ಒಂದು ಹುಳವಿಲ್ಲ. ಬಚ್ಚಲು, ಕೊಟ್ಟಿಗೆ, ಪಂಪ್‌ಸೆಟ್ಟಿನ ಶೆಡ್ಡು, ಎಲ್ಲೂ ಇಲ್ಲ. ಬೆವರಿಳಿಸಿಕೊಂಡು ವಾಪಸು ಬಂದಾಗ ಶೇಷಮ್ಮ ಜಗಲಿಯಲ್ಲಿ ಒಬ್ಬಳೇ ಕೂತು ಗಾಜಿನ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದಳು.

"ಇದನ್ನಾ ಹುಡುಕ್ತಾ ಇರಾದು ನೀವೆಲ್ಲ?" ಎಂದಳು. "ಇದು ಟ್ಯೂಬ್‌ಲೈಟ್ ಪಟ್ಟಿ ಮೇಲೆ ಸತ್ತು ಬಿದ್ದಿತ್ತಲ್ಲ, ಅರ್ಧ ಮೊರ ಆಗುವಷ್ಟು."

ಲೋಕೇಶ ಒಂದೇ ನೆಗೆತಕ್ಕೆ ಸ್ಟೂಲು ಹತ್ತಿದ. ಟ್ಯೂಬ್‌ಲೈಟಿನ ಪಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಎಲ್ಲಿ ಶೇಷಮ್ಮ? ಎಲ್ಲಿ ಹಾಕಿದೆ?"

"ನೀನೇ ಅಂದ್ಯಲ್ಲ ಮಗಾ, ದೊಡ್ಡೋರು ಬರ್ತಾರೆ, ಎಂತ ಕಸನೂ ಇರಬಾರದು ಅಂತ. ಬಳಿದು ಬೆಂಕಿಗೆ ಹಾಕ್ದೆ. ಚೂರು ಬಿಟ್ಟಿಲ್ಲ."

ಡಾ. ಚೈತ್ರ ಸ್ಟೂಲಿನ ಮೇಲೆ ನಿಂತ ಲೋಕೇಶನನ್ನು ನೋಡಿದರು. ನಡು ಬೆನ್ನಿಲ್ಲದ ಪತಂಗವನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗಿಟ್ಟು, ಚೀಟಿ ಅಂಟಿಸಿ, ಅದರ ಮೇಲೆ 'ಕೆಸವಿನಗುಂಡಿ, ಕೊಪ್ಪ ತಾಲ್ಲೂಕು' ಎಂದು ಬರೆದರು. ಹೆಸರಿನ ಜಾಗ ಖಾಲಿ ಬಿಟ್ಟರು. ಎರಡು ಗಂಟೆಯ ಬಸ್ಸು ಹತ್ತುವಾಗ ಶಾಲನ್ನು ಮಾತ್ರ ಮರೆಯದೆ ರೇಣುಕಪ್ಪನಿಗೆ ವಾಪಸು ಕೊಟ್ಟರು.

ಊರು ಆ ಜಾಗವನ್ನು ಹೆಚ್ಚು ಹೊತ್ತು ಖಾಲಿ ಬಿಡಲಿಲ್ಲ. ಸಂಜೆ ಹಾಲಿನ ಡೈರಿಯ ಮುಂದೆ ಗಣಪತಿ ಭಟ್ಟರ ಆಳು ಬ್ಯಾಂಡೇಜ್ ಸುತ್ತಿದ ಕಾಲು ತೋರಿಸುತ್ತ, "ಆ ಲೋಕೇಶನ ಹುಳದ ದೆಸೆಯಿಂದ ಆಗಿದ್ದು" ಎಂದ. ಅಷ್ಟು ಸಾಕಾಯಿತು. ದೀಪ ಹಚ್ಚುವ ಹೊತ್ತಿಗೆ ಕಂದು ಬಣ್ಣದ ಯಾವ ಹುಳ ಹಾರಿದರೂ ಕೆಸವಿನಗುಂಡಿಯಲ್ಲಿ ಅದು 'ಲೋಕೇಶ' ಆಗಿತ್ತು. "ಸಾರಿಗೆ ಲೋಕೇಶ ಬಿತ್ತು, ತೆಗಿ." "ದೀಪ ಆರಿಸೇ, ಲೋಕೇಶ ಬತ್ತಾವೆ."

ಮನೆಯಲ್ಲಿ ರೇಖಾ ಊಟಕ್ಕೆ ಕೂತಿದ್ದಳು. ಕುಸುಮಾ 'ಯಮುನಮ್ಮ' ಎಂದು ಕೆತ್ತಿದ ತಟ್ಟೆಯನ್ನು ಗಂಡನ ಮುಂದೆ ಠಣ್ಣನೆ ಇಟ್ಟಳು. 'ಯಮುನಮ್ಮ' ಎಂದು ಕೆತ್ತಿದ ಲೋಟದಲ್ಲಿ ನೀರಿಟ್ಟಳು.

"ಚುಕ್ಕೆ ಬಳಿದಿದ್ದಕ್ಕೆ ನನಗೆ ಬೇಜಾರಿಲ್ಲ," ಎಂದಳು. "ಸುಟ್ಟಿದ್ದಕ್ಕೂ ಇಲ್ಲ. ಆದ್ರೆ ಕೊನೆಗೆ ಹುಳದ ಮೇಲೂ ನಿಮ್ಮ ಮನೆಯವರ ಹೆಸರೇ ಬಂತಲ್ಲ!"

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಅಕ್ಕ ತಂಗಿ ಇಬ್ಬರೂ ಮುತ್ತಿನಕೊಪ್ಪಕ್ಕೆ ಹೋದರು.

ಕುಸುಮಾ ಹನ್ನೊಂದನೆಯ ದಿನ ವಾಪಸು ಬಂದಳೆಂಬುದು ಗೊತ್ತು. ಬರುವಾಗ ತನ್ನ ಹೆಸರು ಕೆತ್ತಿಸಿದ ಒಂದು ಚಮಚ ತಂದಿದ್ದಳೆಂಬುದೂ ಗೊತ್ತು. ದಾಖಲೆ ಪುಸ್ತಕದ 'ಕೀಟಗಳು' ಎಂಬಲ್ಲಿ ಲೋಕೇಶ 'ಬಹಳ ಇವೆ' ಎಂಬುದರ ಪಕ್ಕ 'ಒಂದರ ಹೆಸರು ತಿಳಿಯದು' ಎಂದು ಬರೆದಿದ್ದಾನೆ. ಮುಂದಿನ ವರ್ಷದ ಅಡಿಕೆ ಸುಗ್ಗಿಯಲ್ಲಿ ಚೊಗರಿನ ಹಂಡೆಯ ಸುತ್ತ ಅವನು ಹದಿನೇಳು ದಿನ ಕಾದ. ಒಂದೂ ಬರಲಿಲ್ಲ. ಆ ಹುಳ ಹೊಸದೋ, ಹಳೆಯದೋ, ಅದರ ಕುಲ ಯಾವುದು, ಚೊಗರಿನಲ್ಲಿ ಅದಕ್ಕೇನು ಕಂಡಿತು, ಈಗ ಅದು ಎಲ್ಲಿದೆ, ಇವೊಂದೂ ಇಂದಿನವರೆಗೆ ಯಾರಿಗೂ ತಿಳಿದಿಲ್ಲ.